ಯಾವೂರವರು?

ಕನ್ನಡ ಕಲಿಯಲು ಹೊಸದಾಗಿ ಕೂತವರಿಗೆ ಬೇಗನೆ ಎದುರಾಗುವ ಪ್ರಶ್ನೆ 'ಯಾವೂರವರು?' ಉತ್ತರಿಸಲು ಎರಡು ದಾರಿಗಳಿವೆ.

ಮೊದಲನೆಯದು 'ಇಗ' ಎಂಬ ತದ್ಧಿತ ಪ್ರತ್ಯಯ. ಕನ್ನಡಕ್ಕೆ 'ಇಗ' ಸೇರಿದರೆ ಕನ್ನಡಿಗ, ಮಲೆನಾಡಿಗೆ ಸೇರಿದರೆ ಮಲೆನಾಡಿಗ. ಸೇರುವಾಗ ಹಿಂದಿನ ಸ್ವರ ಬಿದ್ದುಹೋಗುತ್ತದೆ, ಅದು ಲೋಪಸಂಧಿ. ಹೆಣ್ಣುಮಗಳಾದರೆ ಕನ್ನಡತಿ. 13ನೆಯ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ತದ್ಧಿತಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟ. ಲೆಕ್ಕ ಬರೆಯುವವನು ಲೆಕ್ಕಿಗನಾದದ್ದೂ ಇದೇ 'ಇಗ'ದಿಂದ.

ಫ್ರೆಂಚಿನಲ್ಲೂ ಹೀಗೆ ಬಾಲ ಸೇರಿಸುತ್ತಾರೆ. ಆದರೆ ಅಲ್ಲಿ ಕೆಲವೊಮ್ಮೆ ಜನರ ಹೆಸರೇ ಹಳೆಯದು: ಪರಿಸಿ ಎಂಬ ಬುಡಕಟ್ಟಿನಿಂದ ಪ್ಯಾರಿಸ್ ನಗರಕ್ಕೆ ಹೆಸರು ಬಂತು, ನಗರದಿಂದ ಮತ್ತೆ ಅಲ್ಲಿಯವರಿಗೆ 'ಪ್ಯಾರಿಸಿಯೆನ್' ಎಂದಾಯಿತು.

ಇನ್ನು ನಮ್ಮ ಮರ್ಫಿ ಟೌನ್‌ಗೆ ಬನ್ನಿ. ಹಲಸೂರಿನ ಪಕ್ಕದ ಈ ಬಡಾವಣೆಗೆ ಮೊದಲು ನಾಕ್ಸ್‌ಪೇಟೆ ಎಂದು ಹೆಸರಿತ್ತು, ಆಮೇಲೆ ಮರ್ಫಿ ಎಂಬ ಇಂಜಿನಿಯರ್ ಹೆಸರು ಬಂತು. ಇಲ್ಲಿಯವರನ್ನು 'ಮರ್ಫಿಟೌನಿಗ' ಎಂದು ಯಾರೂ ಕರೆಯುವುದಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಎರಡನೆಯ ದಾರಿ: ಊರಿನ ಷಷ್ಠಿ ರೂಪಕ್ಕೆ 'ಅವರು' ಸೇರಿಸುವುದು. ಹೆಸರು ಹೇಗೆ ಮುಗಿಯುತ್ತದೆಂದು ಕಿವಿಗೊಟ್ಟು ಕೇಳಿ. ಮಂಡ್ಯ, ಮಂಡ್ಯದವರು. ಮೈಸೂರು, ಮೈಸೂರಿನವರು. ಹುಬ್ಬಳ್ಳಿ, ಹುಬ್ಬಳ್ಳಿಯವರು. ಹಾಗಾಗಿ ಅಂದು ನಾಕ್ಸ್‌ಪೇಟೆಯವರು, ಇಂದು ಮರ್ಫಿ ಟೌನಿನವರು. ಮನೆ ಅದೇ, ಬೀದಿ ಅದೇ, 'ಯವರು' ಹೋಗಿ 'ನವರು' ಬಂತು.

ಪಕ್ಕದ ಮನೆಯಲ್ಲಿ ತಮಿಳು ಕೇಳಿದರೆ ಊರಿನ ಹೆಸರಿಗೆ 'ಕಾರನ್' ಸೇರಿರುತ್ತದೆ, ದಖನಿಯಲ್ಲಾದರೆ 'ವಾಲಾ'. ತಮಿಳಿನ 'ಕಾರನ್' ನಮ್ಮ 'ಗಾರ'ದ ಒಡಹುಟ್ಟು, ಎರಡರ ಮೂಲವೂ ಸಂಸ್ಕೃತದ 'ಕಾರ'. ಆದರೆ ಕನ್ನಡದಲ್ಲಿ 'ಗಾರ' ಹೆಚ್ಚಾಗಿ ಕಸುಬಿಗೆ ಹತ್ತಿಕೊಂಡಿದೆ: ಬಳೆಗಾರ, ಮೋಜುಗಾರ ಎಂಬಂತೆ ಕಸುಬು, ಸ್ವಭಾವ ಹೇಳುತ್ತದೆಯೇ ಹೊರತು ಊರನ್ನಲ್ಲ.

ನನಗೆ 'ನವರು' ಬಲು ಇಷ್ಟ. ಅದು ಹುಟ್ಟೂರು ಕೇಳುವುದಿಲ್ಲ, ಮಾತೃಭಾಷೆ ಕೇಳುವುದಿಲ್ಲ. ಮೊನ್ನೆ ಬಾಡಿಗೆಗೆ ಬಂದವರೂ ಮರ್ಫಿ ಟೌನಿನವರೇ.

ಒಂದು ಎಚ್ಚರಿಕೆ: ಒಬ್ಬರನ್ನೇ ಕುರಿತಾಗ 'ಅವರು' ಗೌರವದ ರೂಪ, ಇನ್ನೊಬ್ಬರಿಗೆ ಮಾತ್ರ. ನಿಮ್ಮ ಬಗ್ಗೆ ಹೇಳುವಾಗ ಗಂಡಸರು 'ನಾನು ಮರ್ಫಿ ಟೌನಿನವನು' ಎನ್ನಿ, ಹೆಂಗಸರು 'ಮರ್ಫಿ ಟೌನಿನವಳು' ಎನ್ನಿ. ನಾಳೆ ತರಕಾರಿ ಅಂಗಡಿಯಲ್ಲಿ ಯಾರಾದರೂ ಕೇಳಿದರೆ, ಸಂಕೋಚವಿಲ್ಲದೆ ಹೇಳಿ ನೋಡಿ.