ಪ್ರೇಕ್ಷಕನೇ ಪಾತ್ರವಾದಾಗ

ಪ್ರೇಕ್ಷಕನೂ ಪಾಲ್ಗೊಳ್ಳುವ ನಾಟಕವನ್ನು ಬರೆಯುವುದು ಸುಲಭವೆಂದೇ ನಾನು ಬಗೆದಿದ್ದೆ. ಬ್ರೆಜಿಲ್ ದೇಶದ ಅಗಸ್ಟೊ ಬೋಲ್ ಅವರು 1970ರ ದಶಕದಲ್ಲಿ ರೂಪಿಸಿದ ಪದ್ಧತಿಯೊಂದುಂಟು. ದಬ್ಬಾಳಿಕೆಯ ಪ್ರಸಂಗವನ್ನು ಒಮ್ಮೆ ಪೂರ್ತಿಯಾಗಿ ಆಡಿ, ಮತ್ತೆ ಮೊದಲಿನಿಂದ ಆರಂಭಿಸುವರು. ಆಗ ಪ್ರೇಕ್ಷಕನು ‘ನಿಲ್ಲಿಸಿ’ ಎಂದು ಕೂಗಿ, ನೊಂದವನ ಪಾತ್ರವನ್ನು ತಾನೇ ವಹಿಸಬಹುದು. ಉಳಿದ ನಟರು ಪಾತ್ರ ಬಿಡದೆ ಅವನಿಗೆ ಉತ್ತರ ಕೊಡಬೇಕು.

ಕಷ್ಟವಿರುವುದು ಆ ಉತ್ತರದಲ್ಲಿಯೇ. ನಮ್ಮ ತಾಳಮದ್ದಳೆಯ ಅರ್ಥಧಾರಿಗಳೂ ಎದುರಾಳಿಯ ವಾದಕ್ಕೆ ಆ ಕ್ಷಣದಲ್ಲಿಯೇ ಪ್ರತಿವಾದ ಹೂಡುವರು. ಆದರೆ ಕಥೆ ಎಲ್ಲಿ ಮುಗಿಯಬೇಕೆಂಬುದು ಪ್ರಸಂಗದ ಪದ್ಯಗಳಿಂದ ಮೊದಲೇ ನಿಶ್ಚಿತ. ಅಮೆರಿಕದ ಮೈಕೇಲ್ ಮಟೇಯಸ್ ಮತ್ತು ಆಂಡ್ರೂ ಸ್ಟರ್ನ್ 2005ರಲ್ಲಿ ಹೊರತಂದ ‘ಫಸಾಡ್’ ಎಂಬ ಗಣಕನಾಟಕದಲ್ಲಿ, ಜಗಳವಾಡುವ ದಂಪತಿಗಳ ಮನೆಗೆ ನಾವು ಅತಿಥಿಯಾಗಿ ಹೋಗಿ ಮಾತನ್ನು ಟೈಪು ಮಾಡುತ್ತೇವೆ. ಅದಕ್ಕೆ ತಕ್ಕ ತುಣುಕುಗಳನ್ನು ಗಣಕವು ಆರಿಸಿ ಜೋಡಿಸುತ್ತದೆ. ಅತಿಥಿ ಸುಮ್ಮನಿದ್ದರೂ ಜಗಳ ಮುಂದುವರಿಯುತ್ತದೆ. ಆ ಪುಟ್ಟ ಆಟಕ್ಕೆ ಅವರ ಐದು ವರ್ಷಗಳ ದುಡಿಮೆ ಹಿಡಿಯಿತು!

ನನ್ನಲ್ಲಿದ್ದುದು ಒಂದು ನೋಟುಪುಸ್ತಕ ಮಾತ್ರ. ದಸರೆಯ ರಜೆಯಲ್ಲಿ, ಪೀಣ್ಯದ ನಮ್ಮ ಮನೆಯಲ್ಲಿಯೇ ನಾಟಕದ ಪರೀಕ್ಷೆ ನಡೆಯಿತು. ನಾನು ಸಿದ್ಧ ಉಡುಪಿನ ಕಾರ್ಖಾನೆಯ ಮೇಲ್ವಿಚಾರಕ. ಹದಿನೆಂಟು ವರ್ಷ ಹೊಲಿಗೆಯಂತ್ರದ ಮುಂದೆ ಕುಳಿತ ನನ್ನ ತಾಯಿಯೇ ಕೆಲಸದವಳು. “ಗಂಟೆಗೆ ಎಷ್ಟು ಪೀಸು ಆಯಿತು?” ಎಂದು ಗದರಿಸಿದೆ. ಕ್ಷಮೆ ಕೇಳಿದರೆ ಒಂದು, ಎದುರಾಡಿದರೆ ಒಂದು, ಅತ್ತರೆ ಒಂದು, ಹೀಗೆ ಮೂರು ಉತ್ತರಗಳನ್ನು ಬರೆದಿಟ್ಟುಕೊಂಡಿದ್ದೆ. ಆಕೆ ಯಾವುದನ್ನೂ ಮಾಡಲಿಲ್ಲ. ತಲೆ ತಗ್ಗಿಸಿ, ಇಲ್ಲದ ಬಟ್ಟೆಯನ್ನು ಇಲ್ಲದ ಸೂಜಿಯ ಕೆಳಗೆ ತಳ್ಳುತ್ತಲೇ ಇದ್ದಳು. ನನಗೇ ಬಾಯಿ ಕಟ್ಟಿತು.

“ಏನಾದರೂ ಮಾತಾಡಮ್ಮ” ಎಂದೆ.

“ಮಾತಾಡ್ತಾ ಕೂತರೆ ಪೀಸು ಯಾರು ಹೊಲೀತಾರೆ?” ಎಂದಳು.

ಆ ದೃಶ್ಯವನ್ನು ಈಗ ಹೊಸದಾಗಿ ಬರೆಯುತ್ತಿದ್ದೇನೆ. ಮೇಲ್ವಿಚಾರಕನ ನಾಲ್ಕನೆಯ ಉತ್ತರ ಇನ್ನೂ ದೊರೆತಿಲ್ಲ.