ಒಂದೇ ದಿನದ ಬಿಸಿಲು ಮತ್ತು ಮಳೆ

ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಹವಾಮಾನ ಇಲಾಖೆಯು ಒಂದೇ ದಿನಕ್ಕೆ ಸುಡುಬಿಸಿಲನ್ನೂ ಗುಡುಗುಮಳೆಯನ್ನೂ ಹೇಳಿದಾಗ ನಾವು ನಗುವುದುಂಟು. ಆದರೆ ಅದರಲ್ಲಿ ವಿರೋಧವಿಲ್ಲ. ಮಧ್ಯಾಹ್ನ ಕಾದ ನೆಲದಿಂದ ಮೇಲೇರಿದ ತೇವದ ಗಾಳಿಯೇ ತಣಿದು, ಕಾರ್ಮೋಡವಾಗಿ ಸಂಜೆಗೆ ಸುರಿಯುತ್ತದೆ. ಆದುದರಿಂದ ಎಚ್ಚರವೂ ಎರಡು ಹೊತ್ತಿನದಾಗಬೇಕು.

ಬೆಂಗಳೂರು ತಂಪಿನ ಊರೆಂಬ ಹೆಮ್ಮೆ ನಮ್ಮನ್ನಿನ್ನೂ ಬಿಟ್ಟಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿಯೇ 39.2 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ಕಾಟನ್‌ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಮೂಟೆ ಹೊರುವ, ಕೈಗಾಡಿ ತಳ್ಳುವ ಕಾಯಕದವರಿಗೆ ನೆರಳೂ ಇಲ್ಲ, ವಿರಾಮವೂ ಇಲ್ಲ. ಇಂಥವರು ಬಾಯಾರಿಕೆಗೆ ಕಾಯದೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯುತ್ತಿರಬೇಕು. ರಕ್ತದೊತ್ತಡ, ಮೂತ್ರಪಿಂಡದ ವ್ಯಾಧಿಯುಳ್ಳವರು ಉಪ್ಪಿನ ವಿಷಯದಲ್ಲಿ ವೈದ್ಯರನ್ನು ಕೇಳುವುದು ಲೇಸು. ಮೈ ಕಾದು, ಮಾತು ತೊದಲಿ, ಬುದ್ಧಿ ಮಂಕಾದರೆ ಅದು ಬಿಸಿಲಾಘಾತ. ಬೆವರುತ್ತಿದ್ದಾರಲ್ಲ ಎಂದು ಸಮಾಧಾನಪಡಬಾರದು. ದುಡಿಯುವವರಲ್ಲಿ ಬೆವರಿರುವಾಗಲೇ ಆಘಾತವಾಗುವುದುಂಟು. 108ಕ್ಕೆ ಕರೆಮಾಡಿ, ನೆರಳಿಗೊಯ್ದು, ಮೈಮೇಲೆ ನೀರೆರೆದು ಗಾಳಿ ಬೀಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಲೇಬಾರದು.

ಬಸವ ಜಯಂತಿಯೂ ಇದೇ ದಿನಗಳಲ್ಲಿ ಬರುತ್ತದೆ. ಮೆರವಣಿಗೆಗೆ ಪಾನಕ ಹಂಚುವ ಭಕ್ತರು ಅದಕ್ಕೆ ಬೆರೆಸುವ ಮಂಜುಗಡ್ಡೆ ಯಾವ ನೀರಿನದೆಂದು ವಿಚಾರಿಸಲಿ. ಗುಡುಗು ಕೇಳಿದೊಡನೆ ಮರದಡಿಯನ್ನೂ ಪೆಂಡಾಲನ್ನೂ ಬಿಟ್ಟು ಭದ್ರವಾದ ಕಟ್ಟಡದೊಳಗೆ ಸೇರಬೇಕು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಮುಟ್ಟಲಂಜದೆ ನೆರವಾಗಬೇಕು.

ಇನ್ನು ಸಂಜೆಯ ನೀರು. ಪಕ್ಕದ ಮೆಜೆಸ್ಟಿಕ್ ಬಸ್ ನಿಲ್ದಾಣವು ಹಿಂದೆ ಧರ್ಮಾಂಬುಧಿ ಕೆರೆಯಾಗಿತ್ತು. ಕೆರೆ ಹೋದರೂ ನೀರು ತನ್ನ ತಗ್ಗನ್ನು ಮರೆತಿಲ್ಲ. 2023ರ ಮೇ 21ರಂದು ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ನೀರಿಗೆ ಕಾರು ಸಿಲುಕಿ ಯುವತಿಯೊಬ್ಬರು ಅಸುನೀಗಿದರು. ಬೇಸಿಗೆಯ ಒಂದು ಸಂಜೆಮಳೆಯಷ್ಟೆ ಅದು! ನೀರು ನಿಂತ ಕೆಳಸೇತುವೆಗೆ ವಾಹನವನ್ನು ಇಳಿಸಲೇಬಾರದು. ಅರ್ಧ ಗಂಟೆ ತಡವಾದರೆ ಆಗಲಿ. ನಡೆಯುವವರು ವಿದ್ಯುತ್ ಕಂಬದಿಂದ ದೂರವಿರಬೇಕು. ಮೋರಿಯ ಬಾಯಿ ನೀರಿನಡಿ ಕಾಣದು.

ಮನೆಗೆ ಬಂದೊಡನೆ ಕಾಲುಗಳನ್ನು ಸಾಬೂನಿನಿಂದ ತೊಳೆಯಬೇಕು. ಗಾಯವಿದ್ದ ಕಾಲು ಕೊಳಚೆ ನೀರಿಗೆ ತಾಕಿದರೆ ಇಲಿಜ್ವರ ಅಂಟಬಹುದು. ಮುಂದಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು ಕಂಡರೆ ನೀರಿನಲ್ಲಿ ನಡೆದುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಹಳೆಯ ಮನೆಗಳ ಸಂಪಿನ ಮುಚ್ಚಳ ನೆಲಮಟ್ಟದಲ್ಲಿರುವುದರಿಂದ ರಸ್ತೆಯ ನೀರು ಸುಲಭವಾಗಿ ಒಳಸೇರುತ್ತದೆ. ಹಾಗಾದಾಗ ಸಂಪನ್ನು ಬರಿದುಮಾಡಿ, ತಿಕ್ಕಿ ತೊಳೆದು, ಕ್ಲೋರಿನ್ ಹಾಕಿಸುವವರೆಗೆ ಆ ನೀರನ್ನು ಅಡುಗೆಗೂ ಬಳಸಕೂಡದು.