ಪೆಡಲ್ ತುಳಿದಾಗ ಕಟಕಟ: ಸೈಕಲ್ಲಿನ ಬಿ.ಬಿ. ಮನೆಯಲ್ಲೇ ಸರ್ವೀಸ್ ಮಾಡುವುದು ಹೇಗೆ?

ಸೈಕಲ್ ತುಳಿಯುವಾಗ ಪೆಡಲ್ ಬುಡದಿಂದ ಸದ್ದು ಬಂದರೆ ಹೆಚ್ಚಿನವರು ಮೊದಲು ಮಾಡುವುದು ಸಂದಿಗೆ ಎಣ್ಣೆ ಬಿಡುವ ಕೆಲಸ. ದಯವಿಟ್ಟು ಹಾಗೆ ಮಾಡಬೇಡಿ. ತೆಳು ಎಣ್ಣೆ ಒಳಗಿನ ಗ್ರೀಸನ್ನು ಕರಗಿಸುತ್ತದೆ, ರಸ್ತೆಯ ದೂಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸದ್ದು ಕೆಲವು ದಿನ ಅಡಗಿ, ಆಮೇಲೆ ಇನ್ನೂ ಜೋರಾಗಿ ಬರುತ್ತದೆ.

ಪೆಡಲ್ ಕೂರುವ ಎರಡೂ ಕ್ರ್ಯಾಂಕ್ ಹಿಡಿದಿರುವ ಆಕ್ಸಲ್, ಅದರ ಎಡಬಲಕ್ಕೆ ಒಂದೊಂದು ಕಪ್, ಕಪ್ಪಿನೊಳಗೆ ಬಾಲ್ಸ್. ಬಾಟಮ್ ಬ್ರಾಕೆಟ್ ಎಂದರೆ ಇಷ್ಟೇ. ಸೈಕಲ್ ಶಾಪಿನವರ ಬಾಯಲ್ಲಿ ಅದು ಬಿ.ಬಿ. ಇಲ್ಲಿ ಹೇಳುತ್ತಿರುವುದು ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ ಹೊಡೆದಿರುವ ಹೀರೋ, ಅಟ್ಲಾಸ್ ಮಾದರಿಯ ಸೈಕಲ್ಲಿನ ಬಗ್ಗೆ. 2006-07ರಲ್ಲಿ ಶುರುವಾದ ರಾಜ್ಯ ಸರ್ಕಾರದ ಸೈಕಲ್ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್‌ಗಳಲ್ಲೂ ಹಲವು ಇದೇ ಬಗೆಯವು. ಕ್ರ್ಯಾಂಕಿನ ನಡುವೆ ಬೋಲ್ಟ್ ಇರುವ ಗೇರ್ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಸೀಲ್ ಆದ ಕಾರ್ಟ್ರಿಜ್ ಇರುತ್ತದೆ. ಅದು ಕೆಟ್ಟರೆ ಪೂರ್ತಿ ಬದಲಿಸಬೇಕು, ಬಿಚ್ಚಿ ಗ್ರೀಸ್ ಹಾಕುವಂಥದ್ದಲ್ಲ.

ಹಂತ 1: ಸದ್ದು ಎಲ್ಲಿಂದ?

ಸ್ಪ್ಯಾನರ್ ಹಿಡಿಯುವ ಮುಂಚೆ ಇದು ಖಾತ್ರಿಯಾಗಬೇಕು. ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ತಪ್ಪು ಸೀಟಿನದು. ಪೆಡಲ್ ಒಂದನ್ನೇ ಕೈಯಲ್ಲಿ ತಿರುಗಿಸಿ, ಅದರೊಳಗೂ ಬಾಲ್ಸ್ ಇರುತ್ತವೆ. ಆಮೇಲೆ ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಎರಡೂ ಒಟ್ಟಿಗೆ ಅಲ್ಲಾಡಿದರೆ ಬಿ.ಬಿ. ಸಡಿಲವಾಗಿದೆ. ಒಂದೇ ಅಲ್ಲಾಡಿದರೆ ಆ ಕಡೆಯ ಕಾಟರ್ ಪಿನ್ ಸಡಿಲ, ಅದನ್ನು ಬಿಗಿ ಮಾಡಿದರೆ ಸಾಕಾಗಬಹುದು. ಕೊನೆಗೆ ಚೈನ್ ಇಳಿಸಿ, ಸೀಟಿನ ಕೆಳಗಿನ ಪೈಪಿನ ಮೇಲೆ ಅಂಗೈ ಇಟ್ಟು ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಿ. ಮರಳು ಅರೆದಂತೆ ಕೈಗೆ ಗರಗರ ತಾಗಿದರೆ ಬಿ.ಬಿ. ಬಿಚ್ಚಲೇಬೇಕು.

ಹಂತ 2: ಕಾಟರ್ ಪಿನ್ ತೆಗೆಯುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ. ಪಿನ್ನುಗಳ ನಟ್ ಯಾವ ಕಡೆಗಿದೆ ಎಂದು ಮೊದಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನಟ್ಟನ್ನು ಪೂರ್ತಿ ತೆಗೆಯದೆ, ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಿ. ಏಟು ನಟ್ಟಿನ ಮೇಲೂ ಬಿದ್ದರೆ ಪಿನ್ನಿನ ಮರೆ (ಥ್ರೆಡ್) ಉಳಿಯುತ್ತದೆ. ಈಗ ಗಟ್ಟಿ ಕಬ್ಬಿಣದ ಪೈಪಿನ ತುಂಡೊಂದನ್ನು ನೆಲದಿಂದ ಕ್ರ್ಯಾಂಕಿಗೆ ಆನಿಸಿ. ಪಿನ್ನಿನ ತಲೆ ಪೈಪಿನೊಳಗೆ ಇಳಿಯುವಂತಿರಬೇಕು. ಸುತ್ತಿಗೆಯಲ್ಲಿ ನೇರವಾಗಿ ಒಂದು ಬಲವಾದ ಏಟು ಹಾಕಿ. ಹತ್ತು ಸಣ್ಣ ಏಟು ಪಿನ್ನನ್ನು ಬಗ್ಗಿಸುತ್ತವೆ, ಒಂದು ದೊಡ್ಡ ಏಟು ಅದನ್ನು ಬಿಡಿಸುತ್ತದೆ. ಪೈಪಿನ ಆಸರೆಯಿಲ್ಲದೆ ಹೊಡೆದರೆ ಏಟೆಲ್ಲ ಬಾಲ್ಸ್ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿ ಮೂಡುತ್ತದೆ. ತುಕ್ಕು ಹಿಡಿದ ಪಿನ್ನಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಎರಡೂ ಕ್ರ್ಯಾಂಕ್ ಹೊರಬರಬೇಕು. ಚೈನ್ ಕವರ್ ಅಡ್ಡ ಬಂದರೆ ಅದನ್ನೂ ಬಿಚ್ಚಿ.

ಹಂತ 3: ಎಡಗಡೆಯ ಕಪ್ ಬಿಚ್ಚಿ

ಚೈನ್ ಇರುವ ಬಲಗಡೆ ಕೆಳಗೆ ಬರುವಂತೆ ಸೈಕಲ್ ಮಲಗಿಸಿ, ಬಿ.ಬಿ. ಕೆಳಗೊಂದು ತಟ್ಟೆ ಇಡಿ. ಎಡಗಡೆ ಹೊರಗೆ ಲಾಕ್ ರಿಂಗ್, ಒಳಗೆ ಕಪ್. ಎರಡೂ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತವೆ. ಲಾಕ್ ರಿಂಗಿಗೆ ಕೊಕ್ಕೆ ಸ್ಪ್ಯಾನರ್ ಬಳಸಿ. ಉಳಿ ಇಟ್ಟು ಹೊಡೆಯುವ ರೂಢಿ ನನಗೆ ಸರಿ ಕಾಣುವುದಿಲ್ಲ, ರಿಂಗಿನ ಕಚ್ಚುಗಳೆಲ್ಲ ಹರಿದು ಮುಂದಿನ ಸಲ ಹಿಡಿತವೇ ಸಿಗುವುದಿಲ್ಲ. ಬಲಗಡೆಯ ಕಪ್ ತೆಗೆಯುವ ಅಗತ್ಯವಿಲ್ಲ. ಬದಲಿಸಲೇಬೇಕಾದರೆ ಅದರ ಮರೆ ಉಲ್ಟಾ ಎಂಬುದು ನೆನಪಿರಲಿ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ.

ಹಂತ 4: ತೊಳೆದು ನೋಡಿ

ಹಳೆಯ ಗ್ರೀಸ್ ಕಪ್ಪಾಗಿದ್ದರೆ ದೂಳು ಸೇರಿದೆ, ಕೆಂಪಗಿದ್ದರೆ ನೀರು ನುಗ್ಗಿ ತುಕ್ಕು ಹಿಡಿದಿದೆ. ಮಳೆನೀರು ಸೀಟಿನ ಪೈಪಿನೊಳಗಿಂದ ಇಳಿದು ನೇರ ಇಲ್ಲಿಗೇ ಬರುತ್ತದೆ. ಎಲ್ಲವನ್ನೂ ಡೀಸೆಲ್ಲಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಕಪ್ಪಿನೊಳಗೆ ಬಾಲ್ಸ್ ಓಡಿದ ಜಾಗ ಒಂದು ಹೊಳೆಯುವ ಬಳೆಯಾಗಿ ಕಾಣುತ್ತದೆ. ಅದರ ಮೇಲೆ ಬಾಲ್ ಪೆನ್ನಿನ ತುದಿ ಆಡಿಸಿ. ನುಣ್ಣಗೆ ಜಾರಿದರೆ ಕಪ್ ಚೆನ್ನಾಗಿದೆ, ಎಲ್ಲಾದರೂ ಸಿಕ್ಕಿಕೊಂಡರೆ ಬದಲಿಸಿ. ಆಕ್ಸಲ್ಲಿಗೂ ಇದೇ ಪರೀಕ್ಷೆ.

ಬಾಲ್ಸ್ ಮಾತ್ರ ಪ್ರತಿಸಲವೂ ಹೊಸದು ಹಾಕಿ. ಕಾಲಿಂಚಿನ ಬಾಲ್ಸ್, ಒಂದು ಕಡೆಗೆ 11. ಹಳೆಯದರ ಜೊತೆ ಹೊಸದನ್ನು ಬೆರೆಸಬಾರದು. ಸವೆಯದ ಬಾಲ್ಸ್ ಮೇಲೆಯೇ ಭಾರವೆಲ್ಲ ಬೀಳುತ್ತದೆ.

ಹಂತ 5: ಜೋಡಿಸುವುದು

ಬಿ.ಬಿ.ಯ ಆಚೀಚೆ ಇಟ್ಟಿಗೆ ಕೊಟ್ಟು ಸೈಕಲ್ಲನ್ನು ಎತ್ತರಿಸಿ, ಆಕ್ಸಲ್ ಕೆಳಗೆ ಇಳಿಯಲು ಜಾಗ ಬೇಕು. ಬಲ ಕಪ್ಪಿಗೆ ಧಾರಾಳವಾಗಿ ಗ್ರೀಸ್ ಮೆತ್ತಿ 11 ಬಾಲ್ಸ್ ಕೂರಿಸಿ, ಅವು ಗ್ರೀಸಿಗೆ ಅಂಟಿ ನಿಲ್ಲುತ್ತವೆ. ಆಕ್ಸಲ್ಲಿನ ಉದ್ದದ ತುದಿ ಚೈನ್ ಕಡೆಗೆ ಹೋಗಬೇಕು. ಎಡ ಕಪ್ಪಿಗೂ ಅಷ್ಟೇ ಬಾಲ್ಸ್ ಕೂರಿಸಿ ಕೈಯಲ್ಲೇ ತಿರುಗಿಸಿ ಹಾಕಿ.

ಈಗ ತಾಳ್ಮೆ ಬೇಕು. ಕಪ್ ಬಿಗಿಯಾಗಿ ನಿಂತ ಮೇಲೆ ಒಂದಿಷ್ಟೇ ಹಿಂದಕ್ಕೆ ತಿರುಗಿಸಿ. ಆಕ್ಸಲ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಅಲ್ಲಾಡಬಾರದು. ಕಪ್ಪನ್ನು ಹಾಗೇ ಹಿಡಿದುಕೊಂಡು ಲಾಕ್ ರಿಂಗ್ ಬಿಗಿಯಿರಿ. ಬಿಗಿಯುವಾಗ ಕಪ್ ಸ್ವಲ್ಪ ಸರಿಯುವುದುಂಟು, ಹಾಗಾದರೆ ಬೇಸರಪಡದೆ ಮತ್ತೆ ಸಡಿಲಿಸಿ ಹೊಂದಿಸಿ. ಸರ್ವೀಸ್ ಚೆನ್ನಾಗಿ ಆಯಿತೋ ಇಲ್ಲವೋ ಎಂಬುದು ಈ ಹೊಂದಾಣಿಕೆಯಲ್ಲೇ ತೀರ್ಮಾನವಾಗುತ್ತದೆ.

ಹಂತ 6: ಹೊಸ ಪಿನ್

ಕ್ರ್ಯಾಂಕ್ ಹಾಕಿ ಹೊಸ ಕಾಟರ್ ಪಿನ್ ಹೊಡೆಯಿರಿ, ಇಲ್ಲೂ ಪೈಪಿನ ಆಸರೆ ಬೇಕು. ಪಿನ್ನನ್ನು ಸುತ್ತಿಗೆಯಲ್ಲೇ ಕೂರಿಸಿ, ನಟ್ ಬಿಗಿದು ಎಳೆಯಲು ಹೋದರೆ ಮರೆ ಹೋಗುತ್ತದೆ. ಒಂದು ಪೆಡಲ್ ಮೇಲೆ, ಒಂದು ಕೆಳಗೆ ಇರುವಾಗ ಒಂದು ಪಿನ್ನಿನ ನಟ್ ಮುಂದಕ್ಕೂ ಇನ್ನೊಂದರದು ಹಿಂದಕ್ಕೂ ಇರಬೇಕು. ಎರಡೂ ಒಂದೇ ಕಡೆಗಿದ್ದರೆ ಕ್ರ್ಯಾಂಕುಗಳು ನೇರ ಸಾಲಿಗೆ ಬರುವುದಿಲ್ಲ.

ಒಂದು ಸುತ್ತು ಓಡಿಸಿ ಬಂದ ಮೇಲೆ ಪಿನ್ನುಗಳಿಗೆ ಇನ್ನೊಂದು ಏಟು ಹಾಕಿ ನಟ್ ಮತ್ತೆ ಬಿಗಿಯುವುದನ್ನು ಮರೆಯಬೇಡಿ. ಹೊಸ ಪಿನ್ ಭಾರ ಬಿದ್ದ ಮೇಲೆ ಸ್ವಲ್ಪ ಸಡಿಲವಾಗಿಯೇ ಆಗುತ್ತದೆ. ಹಾಗೇ ಓಡಿಸಿದರೆ ಕ್ರ್ಯಾಂಕಿನ ತೂತೇ ಸವೆದುಹೋಗುತ್ತದೆ, ಆಗ ಎಷ್ಟು ಪಿನ್ ಬದಲಿಸಿದರೂ ಆ ಕ್ರ್ಯಾಂಕ್ ನಿಲ್ಲುವುದಿಲ್ಲ.